ಕೊಳವೆಯೊಳಗಿನ ತಿರುಪು
(ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಾಡಿದ ಭಾಷಣ)



ದೂರದರ್ಶಕಕ್ಕೆ ಮೂರು ಕಾಲಿನ ಪೀಠವನ್ನು ಮಾಡಹೊರಟ ಕೆಲವು ಹುಡುಗರು, ಒಳಗೆಲ್ಲ ತಿರುಪಿನ ಸುತ್ತುಗಳಿರುವ ಹಿತ್ತಾಳೆಯ ಕೊಳವೆ ಅಂಗಡಿಯಲ್ಲಿ ದೊರೆಯಲಿಲ್ಲವೆಂದು ಕೆಲಸವನ್ನೇ ಕೈಬಿಟ್ಟರೆಂದು ಕೇಳಿದೆನು. ಅಂಥ ಕೊಳವೆ ನಮಗೆ ಬೇಕಾಗಿಯೂ ಇಲ್ಲ. ಬೋಲ್ಟು ಹಿಡಿಯುವುದು ತುದಿಯಲ್ಲಿ ಮಾತ್ರ. ಅದರ ದಪ್ಪದ ಒಂದೂವರೆಯಷ್ಟು ಆಳಕ್ಕೆ ಸುತ್ತುಗಳಿದ್ದರೆ ಸಾಕು.

6 ಮಿ.ಮೀ. ಬೋಲ್ಟಿಗೆ, ಒಳಗೆ 5 ಮಿ.ಮೀ., ಹೊರಗೆ 10 ಮಿ.ಮೀ. ಅಳತೆಯ ಕೊಳವೆಯನ್ನು ಆರಿಸಿರಿ. ಈ ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ ಸಾಮಾನ್ಯವಾಗಿ 1 ಮಿ.ಮೀ. ಅಂತರ, ಆರರಲ್ಲಿ ಒಂದನ್ನು ಕಳೆದರೆ ರಂಧ್ರದ ಅಳತೆ ದೊರೆಯುವುದು. ಬಳಿಕ ಬೋಲ್ಟಿನದೇ ಅಳತೆಯ ಟ್ಯಾಪ್ ಎಂಬ ಉಕ್ಕಿನ ಉಪಕರಣವನ್ನು ನೆಟ್ಟಗೆ ಹಿಡಿದು, ಎಣ್ಣೆ ಹನಿಸಿ, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿರಿ. ಹಿಂದಕ್ಕೆ ತಿರುಗಿಸಿದಾಗ ಕೊರೆದ ಲೋಹದ ಸುರುಳಿ ಮುರಿದು ದಾರಿ ತೆರವಾಗುವುದು. ಕೊಳವೆ ತೀರ ತೆಳುವಾಗಿದ್ದರೆ ತುದಿಗೆ ನಟ್ಟನ್ನು ಬೆಸೆಯಿಸಿರಿ.

ಹಿಂದೆ ಒಂದೊಂದು ಕಾರ್ಖಾನೆಗೆ ಒಂದೊಂದು ಬಗೆಯ ತಿರುಪು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತನು ಎಲ್ಲರಿಗೂ ಒಂದೇ ಕ್ರಮವನ್ನು ಸೂಚಿಸಿದನು. ಅಂಥ ಒಪ್ಪಂದಗಳಿಂದಲೇ ಇಂದು ಅಂಗಡಿಯ ಬೋಲ್ಟು ನಮ್ಮ ಕೊಳವೆಗೆ ಹೊಂದುತ್ತದೆ. ಆದರೆ ಅಂಗುಲದ ಬೋಲ್ಟನ್ನು ಮಿಲಿಮೀಟರಿನ ಸುತ್ತಿಗೆ ತುರುಕಬೇಡಿರಿ.

ಬಾಲ್ಯದಲ್ಲಿ ನಾನು ಆತುರದಿಂದ ಮುಂದಕ್ಕೇ ತಿರುಗಿಸಿ, ಎರವಲು ತಂದ ಟ್ಯಾಪನ್ನು ಕೊಳವೆಯೊಳಗೇ ಮುರಿದೆನು. ತಂದೆಯವರು ಬಯ್ಯಲಿಲ್ಲ. “ಹಿಂದಕ್ಕೆ ಬರುವುದೂ ಕೆಲಸವೇ, ಮಗು” ಎಂದು ಹೇಳಿ, ಮರುದಿನ ಹೊಸದೊಂದನ್ನು ಕೊಂಡುತಂದು, ಉಪಕರಣದ ಒಡೆಯರಿಗೆ ನನ್ನ ಕೈಯಿಂದಲೇ ಕೊಡಿಸಿದರು.

ಪೋಷಕರಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳು ಒಂದು ಟ್ಯಾಪನ್ನು ಮುರಿದರೆಂದು ಅವರ ಕೈಯಿಂದ ಉಪಕರಣವನ್ನು ಕಸಿದುಕೊಳ್ಳಬೇಡಿರಿ.