‘ಕೊಚ್ಚಿಹೋಯಿತು’ ಎನ್ನಲು ಇಂಗ್ಲಿಷಿನಲ್ಲಿ ಏನೆನ್ನಬೇಕು?

(ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನವೂ ಇಂಗ್ಲಿಷ್ ಮಾಸ್ತರನಿಗೆ ವ್ಯಾಕರಣವೇ ಗತಿ. ಇಂದು ಒಂದೇ ಕ್ರಿಯಾಪದ ಎತ್ತಿಕೊಂಡಿದ್ದೇನೆ: ‘ವಾಷ್ ಅವೇ’. ‘ವಾಷ್’ ಎಂದರೆ ತೊಳೆ, ‘ಅವೇ’ ಎಂದರೆ ದೂರಕ್ಕೆ. ಎರಡೂ ಕೂಡಿದರೆ ನೀರು ಕೊಚ್ಚಿಕೊಂಡು ಹೋಗುವುದು. ಇಂಥ ಜೋಡಿಪದಗಳೆಂದರೆ ಮಕ್ಕಳಿಗೆ ಹೆದರಿಕೆ. ಆದರೆ ನಮ್ಮ ಕನ್ನಡದಲ್ಲೂ ಇದೇ ಆಟವಿದೆ. ‘ಕೊಚ್ಚು’ ಎಂದರೆ ಕತ್ತಿಯಿಂದ ಕಡಿಯುವುದು. ‘ಹೋಗು’ ಸೇರಿದರೆ ಒಡ್ಡು ಕೊಚ್ಚಿಹೋಗುತ್ತದೆ. ‘ಕೊಳ್ಳು’ ಸೇರಿದರೆ ಮನುಷ್ಯ ಕೊಚ್ಚಿಕೊಳ್ಳುತ್ತಾನೆ. ಅದಕ್ಕೆ ಮಳೆಗಾಲವೂ ಬೇಕಿಲ್ಲ!

ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ. ಗಜನಿಯ ಒಡ್ಡನ್ನು ಹೊಳೆ ಕೊಚ್ಚಿಕೊಂಡು ಹೋಯಿತು ಎನ್ನುವಾಗ ‘ವಾಷ್ಡ್ ಅವೇ ದಿ ಬಂಡ್’ ಎಂದರೂ ಸರಿ, ‘ವಾಷ್ಡ್ ದಿ ಬಂಡ್ ಅವೇ’ ಎಂದರೂ ಸರಿ. ಒಡ್ಡಿನ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ವಾಷ್ಡ್ ಇಟ್ ಅವೇ’. ಅಳಿವೆಯ ಊರಿನವರಾದ ನಮಗೆ ‘ವಾಷ್ ಅಪ್’ ಕೂಡ ಬೇಕು. ತೆಂಗಿನಕಾಯಿ, ಮರದ ದಿಮ್ಮಿ ದಡಕ್ಕೆ ಬಂದು ಬೀಳುವುದಕ್ಕೆ ಆ ಮಾತು.

ಇನ್ನು ‘ವೈಪ್ ಔಟ್’. ಹೇಳಹೆಸರಿಲ್ಲದಂತೆ ಅಳಿಸಿಹಾಕುವುದು. ಇದನ್ನೂ ‘ವಾಷ್ ಅವೇ’ಯನ್ನೂ ಒಂದೇ ಎಂದು ಬರೆಯುವವರಿದ್ದಾರೆ. ಒಂದೇ ಅಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾ ಅಂಗಡಿ, ನಿಂತ ವಾಹನಗಳು, ಜನ, ಎಲ್ಲವನ್ನೂ ನಮ್ಮ ಇದೇ ಗಂಗಾವಳಿಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಇಲ್ಲಿ ‘ಅವೇ’ ಎಂಬ ಸಣ್ಣ ಪದದ ಭಾರ ನೋಡಿ. ಹೋದದ್ದು ಎಲ್ಲಿಗೋ ಹೋಗಿದೆ, ಎಲ್ಲೋ ಇದೆ ಎನ್ನುತ್ತದೆ ಅದು. ಆ ಒಂದು ನಂಬಿಕೆಯ ಮೇಲೇ ಮನೆಯವರು ಹೊಳೆಯ ದಂಡೆಯಲ್ಲಿ ಕಾದರು. ಕೇರಳದ ಚಾಲಕನ ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ಕಳೆದ ಮೇಲೆ. ಅಲ್ಲಿ ‘ಔಟ್’ ಎಂದು ಬರೆದುಬಿಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ.

ಹಾಗಾಗಿ ಮಕ್ಕಳೇ, ಉಳುವರೆಯ ಬಗ್ಗೆ ಬರೆಯುವಾಗ ಮನೆಗಳಿಗೆ ‘ವಾಷ್ಡ್ ಅವೇ’ ಎನ್ನಿ. ಊರಿಗೆ ‘ವೈಪ್ಡ್ ಔಟ್’ ಎನ್ನಬೇಡಿ. ಅಲ್ಲಿ ಜನ ಇದ್ದಾರೆ.