ಹೊಲಕ್ಕಿಂತ ಎತ್ತರದಲ್ಲಿ ಹರಿಯುವ ನೀರು
(ವಿದ್ಯಾರ್ಥಿಗಳಿಗೂ ಗ್ರಾಮಸ್ಥರಿಗೂ ನೀಡಿದ ಉಪನ್ಯಾಸದ ಬರಹರೂಪ)



ಉನ್ನತ ವ್ಯಾಸಂಗಕ್ಕೆಂದು ಇಂಗ್ಲೆಂಡಿನ ಕೇಂಬ್ರಿಜ್ ನಗರವನ್ನು ಸೇರುವ ವಿದ್ಯಾರ್ಥಿ ಪುಸ್ತಕಕ್ಕಿಂತ ಮೊದಲು ಕೊಳ್ಳುವುದು ಒಂದು ಹಳೆಯ ಸೈಕಲ್ಲನ್ನು. ಅಲ್ಲಿ ಪ್ರಾಧ್ಯಾಪಕರೂ ಸೈಕಲ್ಲಿನಲ್ಲಿಯೇ ಬರುತ್ತಾರೆ. ವಾಹನಗಳು ಭಾರತದಂತೆಯೇ ಎಡಬದಿಯಲ್ಲಿ ಸಾಗುವುದರಿಂದ ಕಲಿಯಬೇಕಾದುದು ಹೆಚ್ಚಿಲ್ಲ. ಕತ್ತಲಾದ ಮೇಲೆ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಇರಲೇಬೇಕೆಂಬುದು ಕಾನೂನು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವ ನಾಡದು.

ಮಲೆನಾಡಿನಿಂದ ಹೋದವನಿಗೆ ಅಲ್ಲಿನ ನೆಲ ಹಾಸಿದ ಚಾಪೆಯಂತೆ ಕಂಡೀತು. ನಗರದ ಆಗ್ನೇಯಕ್ಕಿರುವ ಗಾಗ್ ಮೇಗಾಗ್ ಬೆಟ್ಟಗಳ ಎತ್ತರ ಸುಮಾರು 75 ಮೀಟರ್. ನಮ್ಮ ಕಡೆ ಅದನ್ನು ದಿಬ್ಬವೆಂದರೆ ಹೆಚ್ಚು!

ಊರಿನ ಹೊರಗೆ ಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ ದಾರಿಯದು. ಹೊಲಗಳ ನಡುವೆ ಹಾದುಹೋಗುವ ಕಾಲುದಾರಿಗಳಿಗೆ ಹಳದಿ ಬಾಣದ ಗುರುತು. ಅಲ್ಲಿ ನಡೆಯಬಹುದು, ಸೈಕಲ್ ಸಲ್ಲದು. ನೀಲಿ ಬಾಣದ ಕುದುರೆದಾರಿಗಳಲ್ಲಿ 1968ರ ಕಾಯ್ದೆಯಿಂದ ಸೈಕಲ್ಲಿಗೂ ಹಕ್ಕು ದೊರೆತಿದೆ, ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಇಲ್ಲಿ ಗಮನಿಸತಕ್ಕದ್ದೊಂದಿದೆ. 1949ರ ಕಾಯ್ದೆ ಬಂದಾಗ ಈ ದಾರಿಗಳನ್ನು ಪಟ್ಟಿ ಮಾಡಲು ಹೆಜ್ಜೆ ಹಾಕಿದವರಲ್ಲಿ ಗ್ರಾಮ ಮಂಡಳಿಗಳವರೇ ಮುಖ್ಯರು. ಹಾಗೆ ನಕಾಶೆಯನ್ನು ಸೇರಿದ ದಾರಿಯನ್ನು ಹೊಲದ ಒಡೆಯ ತನ್ನ ಇಚ್ಛೆಯಂತೆ ಮುಚ್ಚುವಂತಿಲ್ಲ.

ಈಶಾನ್ಯಕ್ಕೆ ಬಾಟಿಶಮ್, ಲೋಡ್ ಎಂಬ ಹಳ್ಳಿಗಳನ್ನು ದಾಟಿದರೆ ವಿಕೆನ್ ಫೆನ್‌ವರೆಗೆ ಸೈಕಲ್ ದಾರಿಯಿದೆ. ಲೋಡ್ ಎಂದರೆ ತೋಡಿದ ಕಾಲುವೆ. ಇವು ರೋಮನ್ನರ ಕಾಲದವೆಂದು ವಿದ್ವಾಂಸರ ಅಭಿಪ್ರಾಯ. ಫೆನ್ ಎಂದರೆ ಜೌಗು, ಮಲೆನಾಡಿನವರ ಮಾತಿನಲ್ಲಿ ಹಡ್ಲು ಎನ್ನಬಹುದಾದುದು. ಸವಾರನಿಗೆ ವಿಚಿತ್ರವೊಂದು ಕಾಣುವುದು ಈ ಪ್ರದೇಶದಲ್ಲಿಯೇ. ಕಾಲುವೆಯ ನೀರನ್ನು ನೋಡಬೇಕಾದರೆ ಸೈಕಲ್ಲಿನಿಂದಿಳಿದು ಏರಿಯನ್ನು ಹತ್ತಬೇಕು. ನೀರು ಮೇಲೆ, ಹೊಲ ಕೆಳಗೆ!

ನೀರನ್ನು ಯಾರೂ ಎತ್ತಿ ಇಟ್ಟದ್ದಲ್ಲ, ನೆಲವೇ ಇಳಿದಿದೆ. ಜೊಂಡು, ಪಾಚಿ, ಬೇರುಗಳು ಸಾವಿರಾರು ವರ್ಷ ನೀರಿನಲ್ಲಿ ಪೂರ್ತಿ ಕೊಳೆಯದೆ ಉಳಿದು ಆದ ಕಪ್ಪು ಪೀಟ್ ಮಣ್ಣು ಇಲ್ಲಿಯದು. ಹದಿನೇಳನೆಯ ಶತಮಾನದಲ್ಲಿ ಬೆಡ್‌ಫರ್ಡಿನ ಶ್ರೀಮಂತ ಪ್ರಭುವೂ ಅವನೊಡನೆ ಹಣ ಹೂಡಿದವರೂ ಕಾರ್ನೀಲಿಯಸ್ ವರ್ಮೈಡನ್ ಎಂಬ ಡಚ್ ಇಂಜಿನಿಯರನಿಂದ ನೇರ ಕಾಲುವೆಗಳನ್ನು ತೋಡಿಸಿ ಜೌಗನ್ನು ಬತ್ತಿಸಿದರು. ಅಲ್ಲಿಯವರೆಗೆ ಆ ಜೌಗು ಪಾಳುಬಿದ್ದಿರಲಿಲ್ಲ. ಹಾವುಮೀನು, ನೀರುಹಕ್ಕಿ, ಚಾವಣಿಯ ಹುಲ್ಲು, ಒಲೆಗೆ ಪೀಟ್, ಬೇಸಗೆಯಲ್ಲಿ ದನಗಳಿಗೆ ಮೇವು, ಇವೆಲ್ಲ ಹಳ್ಳಿಗರಿಗೆ ಅದರಿಂದಲೇ ಒದಗುತ್ತಿದ್ದವು. ಅವರು ಏರಿಗಳನ್ನು ಒಡೆದು ಪ್ರತಿಭಟಿಸಿದರು, ಆದರೂ ಸೋತರು. ಗೋಮಾಳವನ್ನೂ ಸೊಪ್ಪಿನ ಬೆಟ್ಟವನ್ನೂ ಬಲ್ಲವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಒಣಗಿದ ಪೀಟ್ ಕುಗ್ಗುತ್ತದೆ. ಗಾಳಿ ತಾಗಿದೊಡನೆ ಕೊಳೆಯತೊಡಗಿ, ಶತಮಾನಗಳಿಂದ ಹಿಡಿದಿಟ್ಟಿದ್ದ ಇಂಗಾಲವನ್ನು ಅನಿಲವಾಗಿ ಬಿಟ್ಟುಕೊಡುತ್ತದೆ. ನೆಲ ಇಳಿದಷ್ಟೂ ನೀರೆತ್ತಲು ಹೆಚ್ಚಿನ ಶಕ್ತಿ ಬೇಕು. ನೀರೆತ್ತಿದಷ್ಟೂ ನೆಲ ಇಳಿಯುತ್ತದೆ. ಮೊದಲು ಗಾಳಿಯಂತ್ರ, ಬಳಿಕ ಉಗಿಯಂತ್ರ, ಡೀಸೆಲ್, ಈಗ ವಿದ್ಯುತ್ ಪಂಪು. ಇನ್ನೂ ವಾಯವ್ಯಕ್ಕಿರುವ ಹೋಮ್ ಫೆನ್ ಎಂಬಲ್ಲಿ 1850ರ ದಶಕದ ಆರಂಭದಲ್ಲಿ ಕಬ್ಬಿಣದ ಕಂಬವೊಂದನ್ನು ತುದಿಯವರೆಗೂ ಹೂತಿಟ್ಟಿದ್ದರು. ಇಂದು ಅದು ನೆಲದಿಂದ ಸುಮಾರು 4 ಮೀಟರ್ ಮೇಲೆದ್ದು ನಿಂತಿದೆ, ಮತ್ತು ಸುತ್ತಲಿನ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ.

ಮೊದಲಿದ್ದ ಜೌಗಿನಲ್ಲಿ ಶೇಕಡ 1ರಷ್ಟೂ ಉಳಿದಿಲ್ಲ. ಉಳಿದ ಚೂರುಗಳಲ್ಲೊಂದು ವಿಕೆನ್ ಫೆನ್. 1899ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಇಲ್ಲಿ ಕೊಂಡದ್ದು ಕೇವಲ 2 ಎಕರೆ. ಬೇಲಿ ಹಾಕಿ ಸುಮ್ಮನೆ ಬಿಟ್ಟುದರಿಂದ ಅದು ಉಳಿದದ್ದಲ್ಲ. ಹಳ್ಳಿಗರು ಶತಮಾನಗಳಿಂದ ಕೊಯ್ಯುತ್ತಿದ್ದ ಹುಲ್ಲನ್ನು ಇಂದಿಗೂ ಸರದಿಯಂತೆ ಕೊಯ್ಯುತ್ತಾರೆ. ಕೊಯ್ಯದಿದ್ದರೆ ಪೊದೆ ಬೆಳೆದು ಜೌಗು ಒಣಗುತ್ತದೆ. 1999ರಲ್ಲಿ ಟ್ರಸ್ಟ್ ನೂರು ವರ್ಷಗಳ ಯೋಜನೆಯೊಂದನ್ನು ಮುಂದಿಟ್ಟಿತು: ಸುತ್ತಲಿನ ಹೊಲಗಳನ್ನು ಕ್ರಮೇಣ ಪಡೆದು, 53 ಚದರ ಕಿ.ಮೀ.ವರೆಗೆ ಜೌಗನ್ನೂ ಹುಲ್ಲುಗಾವಲನ್ನೂ ಮರಳಿಸುವುದು. ಫಲವತ್ತಾದ ಕೃಷಿಭೂಮಿ ಕೈಬಿಡುವುದೆಂದು ಅಲ್ಲಿಯವರು ಕೆಲವರು ವಿರೋಧಿಸಿದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ, ಊಟಕ್ಕೆ ಬೇಕಾದ ತರಕಾರಿ ಬೆಳೆಯುವುದೂ ಆ ಕಪ್ಪು ಮಣ್ಣಿನಲ್ಲಿಯೇ.

ವಿಕೆನ್‌ನಲ್ಲಿ ಮರದ ಗಾಳಿಯಂತ್ರವೊಂದು ನಿಂತಿದೆ. ಹಿಂದೆ ಅದು ಪಕ್ಕದ ಜೌಗಿನಲ್ಲಿದ್ದು ನೀರನ್ನು ಹೊರಕ್ಕೆತ್ತಿ ನೆಲವನ್ನು ಒಣಗಿಸುತ್ತಿತ್ತು. 1950ರ ದಶಕದಲ್ಲಿ ಅದನ್ನು ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದರು. ಜೌಗು ಒಣಗದಂತೆ ನೀರನ್ನು ಒಳಕ್ಕೆ ಎತ್ತುವುದು ಅದರ ಹೊಸ ಕೆಲಸವಾಯಿತು.

ಆ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ. ಅದು ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಹೋಗುವಾಗ ಬೆನ್ನಿಗಿರುತ್ತದೆ, ಮರಳುವಾಗ ಎದೆಗೆ. ಚಳಿಗಾಲದಲ್ಲಿ ಹೋದ ವಿದ್ಯಾರ್ಥಿ ಮಧ್ಯಾಹ್ನ ಒಂದು ಗಂಟೆಗೇ ಸೈಕಲ್ ತಿರುಗಿಸುವುದು ಒಳ್ಳೆಯದು.