ಇರುಳಿನಲ್ಲೊಂದು ಅಪ್ರದಕ್ಷಿಣೆ

ಸಿಂಗಪುರದ ಭೂಪಟವನ್ನು ನೋಡಿದವರಿಗೆ ಅದು ಮಲಯ ಪರ್ಯಾಯದ್ವೀಪದ ತುದಿಯಿಂದ ಕಳಚಿ ಬಿದ್ದ ಹರಳಿನಂತೆ ಕಾಣುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರು, ಉತ್ತರದಿಂದ ದಕ್ಷಿಣಕ್ಕೆ ಅದರ ಅರ್ಧದಷ್ಟು. ಅಂಚನ್ನು ಹಿಡಿದು ಸುತ್ತಿದರೆ, ಆರಿಸಿಕೊಂಡ ದಾರಿಗೆ ತಕ್ಕಂತೆ, 120ರಿಂದ 140 ಕಿಲೋಮೀಟರು ಆಗುತ್ತದೆ. ಇದನ್ನು ಒಂದೇ ರಾತ್ರಿಯಲ್ಲಿ ಬೈಸಿಕಲ್ಲಿನ ಮೇಲೆ ಸುತ್ತಿ ಬರುವ ರೂಢಿ ಅಲ್ಲಿನ ಸವಾರರಲ್ಲಿ ಉಂಟು. ಹತ್ತು ಮಂದಿ ಕನ್ನಡಿಗರ ತಂಡವೊಂದಕ್ಕೆ ಮುಂದಾಳಾಗಿ ಹಾಗೆ ಸುತ್ತಿ ಬಂದ ಒಂದು ಇರುಳಿನ ವಿಚಾರವನ್ನು ತಮ್ಮ ಮುಂದೆ ಇಡುತ್ತೇನೆ.

ಹಗಲನ್ನು ಬಿಟ್ಟು ರಾತ್ರಿಯೇ ಏಕೆ ಎಂದು ಕೇಳಬಹುದು. ಭೂಮಧ್ಯರೇಖೆಯಿಂದ ಕೇವಲ 140 ಕಿಲೋಮೀಟರು ದೂರದ ನಾಡು ಅದು. ಬಿಸಿಲಿಗಿಂತಲೂ ಅಲ್ಲಿಯ ತೇವದ ಸೆಕೆ ಮನುಷ್ಯನನ್ನು ಬೇಗ ಹಿಂಡುತ್ತದೆ. ರಾತ್ರಿಯಾದರೆ ರಸ್ತೆಗಳು ಬರಿದಾಗಿ, ಗಾಳಿ ಒಂದಿಷ್ಟು ತಂಪಾಗಿರುತ್ತದೆ. ಇನ್ನೊಂದು ಅನುಕೂಲವನ್ನು ಗಡಿಯಾರವೇ ಒದಗಿಸಿಕೊಟ್ಟಿದೆ. 1982ರಲ್ಲಿ ಅಲ್ಲಿಯ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಿದ ಮೇಲೆ ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಗಿನ ಏಳರ ಆಸುಪಾಸಿನಲ್ಲಿ. ರಾತ್ರಿ ಹತ್ತಕ್ಕೆ ಹೊರಟವನಿಗೆ ಒಂಬತ್ತು ಗಂಟೆಗಳ ಕತ್ತಲೆ ಕೈಯಲ್ಲಿರುತ್ತದೆ.

ಸುತ್ತುವ ದಿಕ್ಕಿನ ಬಗ್ಗೆ ಹೊರಡುವ ಮುನ್ನವೇ ಒಂದು ಚರ್ಚೆಯಾಯಿತು. ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯ ಸಂಚಾರ. ದ್ವೀಪವನ್ನು ಎಡಗೈಗೆ ಇಟ್ಟುಕೊಂಡು ಸುತ್ತಿದರೆ ಬಹುತೇಕ ತಿರುವುಗಳೆಲ್ಲ ಎಡಕ್ಕೇ ಬರುತ್ತವೆ. ಎದುರಿನ ವಾಹನಗಳ ಸಾಲನ್ನು ದಾಟಿ ಬಲಕ್ಕೆ ಹೊರಳುವ ಅಪಾಯ ಕಡಮೆ. ಆದರೆ ಅದು ಅಪ್ರದಕ್ಷಿಣೆ! ತಂಡದ ಹಿರಿಯರಾದ ರಾಯರು ಇದನ್ನು ಒಪ್ಪಲೊಲ್ಲರು. ಅವರಿಗೆ ವಯಸ್ಸು ಅರವತ್ತೆರಡು. "ಗುಡಿಗೆ ಹೋದವನು ಹೀಗೆ ಸುತ್ತುತ್ತಾನೆಯೇ?" ಎಂದರು. ಗುಡಿಯ ಪ್ರಾಕಾರದಲ್ಲಿ ಎದುರಿನಿಂದ ಲಾರಿ ಬರುವುದಿಲ್ಲವೆಂದು ನಾನು ಹೇಳಿದ ಮೇಲೆ ನಕ್ಕು ಸುಮ್ಮನಾದರು.

2022ರ ಜನವರಿಯಿಂದ ಅಲ್ಲಿ ಒಂದು ನಿಯಮವಿದೆ. ರಸ್ತೆಯ ಮೇಲೆ ಒಂದರ ಹಿಂದೊಂದು ಸಾಗುವ ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಸೈಕಲ್ಲು ಇರಕೂಡದು. ಗುಂಪಿಗೂ ಗುಂಪಿಗೂ ನಡುವೆ ಎರಡು ದೀಪದ ಕಂಬಗಳಷ್ಟು ಅಂತರವಿರಲೆಂದು ಸಲಹೆಯೂ ಉಂಟು. ಶಿರಸ್ತ್ರಾಣ ಕಡ್ಡಾಯ; ಮುಂದೆ ಬಿಳಿ ದೀಪ, ಹಿಂದೆ ಕೆಂಪು. ನಾವು ಐದೈದರ ಎರಡು ಗುಂಪಾದೆವು. ಮುಂದಾಳೆಂದರೆ ಎಲ್ಲರಿಗಿಂತ ವೇಗವಾಗಿ ಹೋಗುವವನೆಂಬ ಭ್ರಮೆ ಹಲವರಿಗಿದೆ. ವಾಸ್ತವದಲ್ಲಿ ಎಲ್ಲರಿಗಿಂತ ನಿಧಾನವಾದವನನ್ನು ತನ್ನ ಬೆನ್ನ ಹಿಂದೆಯೇ ಇಟ್ಟುಕೊಂಡು, ಅವನ ಉಸಿರಿಗೆ ಕಿವಿಗೊಟ್ಟು ತುಳಿಯುವುದೇ ಅವನ ಕೆಲಸ. ಪ್ರತಿ ಕೆಂಪು ದೀಪದ ಬಳಿಯೂ ಒಬ್ಬೊಬ್ಬರು ತಮ್ಮ ಅಂಕಿಯನ್ನು ಕೂಗಬೇಕೆಂದು ಗೊತ್ತುಮಾಡಿದ್ದೆ. ಒಂದನೆಯವನು ನಾನು, ಎರಡು ರಾಯರ ಅಂಕಿ.

ಹೊರಟ ಪೂರ್ವ ಕರಾವಳಿಯ ಉದ್ಯಾನವೇ ಒಂದು ಕಾಲಕ್ಕೆ ಸಮುದ್ರವಾಗಿತ್ತು. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರು ಇದ್ದ ದೇಶ ಕಡಲನ್ನು ತುಂಬಿ ತುಂಬಿ ಈಗ 730ನ್ನು ದಾಟಿದೆ. ಚಾಂಗಿಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವನ್ನು ತಿಂದು, ಪಾಸಿರ್ ರಿಸ್, ಪುಂಗ್ಗೋಲ್‌ಗಳನ್ನು ಹಾದು ಉತ್ತರದ ವುಡ್‌ಲ್ಯಾಂಡ್ಸ್ ಸೇರಿದಾಗ ಒಂದೂವರೆ ಗಂಟೆ. ಅಲ್ಲಿಂದ ಜಲಸಂಧಿಯ ಆಚೆಗೆ ಮಲೇಶಿಯಾದ ದೀಪಗಳು ಕಾಣುತ್ತವೆ. ಎರಡನ್ನೂ ಜೋಡಿಸುವ ಸೇತುದಾರಿ 1924ರಲ್ಲಿ ವಿಧಿವತ್ತಾಗಿ ತೆರೆದದ್ದು. ಉದ್ದ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು.

ಸೈಕಲ್ಲಿನ ಮೇಲೆ ಕುಳಿತವನಿಗೆ ಆ ದಂಡೆ ಇನ್ನೊಂದು ಸವಾರಿಯನ್ನು ನೆನಪಿಗೆ ತರುತ್ತದೆ. 1941ರ ಡಿಸೆಂಬರಿನಲ್ಲಿ ಮಲಯದ ಉತ್ತರದಲ್ಲಿ ಇಳಿದ ಜಪಾನೀ ಸೈನ್ಯ ಐವತ್ತೈದು ದಿನಗಳಲ್ಲಿ ಜಲಸಂಧಿಯನ್ನು ಮುಟ್ಟಿತು. ಆ ಸೈನಿಕರಲ್ಲಿ ಸಾವಿರಾರು ಮಂದಿ ಬಂದದ್ದು ಬೈಸಿಕಲ್ಲುಗಳ ಮೇಲೆ. ಬಿಸಿಲಿಗೆ ಟೈರು ಒಡೆದರೆ ಬರಿಯ ಚಕ್ರದ ಬಳೆಯ ಮೇಲೆಯೇ ತುಳಿದರಂತೆ. ಕತ್ತಲಲ್ಲಿ ಆ ಕಬ್ಬಿಣದ ಸದ್ದನ್ನು ಕೇಳಿ ಟ್ಯಾಂಕುಗಳೇ ಬಂದವೆಂದು ಎದುರಾಳಿಗಳು ಬೆದರಿದ್ದುಂಟೆಂದು ಆ ಯುದ್ಧದ ಬರಹಗಳು ಹೇಳುತ್ತವೆ. 1942ರ ಫೆಬ್ರವರಿ 15ರಂದು ದ್ವೀಪ ಶರಣಾಯಿತು. ಅದನ್ನು ಕಾಯಲು ನಿಂತಿದ್ದ ಭಾರತೀಯ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಒಂದು. ಕ್ರಾಂಜಿಯ ದಿಬ್ಬದ ಮೇಲಿನ ಸ್ಮಾರಕದಲ್ಲಿ, ಗೋರಿಯ ಗುರುತೂ ಸಿಗದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೆತ್ತಿದ್ದಾರೆ. ನಾವು ಅದರ ಕೆಳಗಿನ ರಸ್ತೆಯಲ್ಲಿ ಹಾದುಹೋದಾಗ ಯಾರೂ ಮಾತಾಡಲಿಲ್ಲ.

ಅನಂತರದ್ದೇ ಲಿಮ್ ಚು ಕಾಂಗ್ ರಸ್ತೆ. ಎರಡು ಕಡೆಯೂ ತೋಟ, ಕಾಡು, ಸ್ಮಶಾನಗಳು. ಗೆರೆ ಎಳೆದಂತೆ ನೇರವಾದ ದಾರಿ. ರಾತ್ರಿಯ ಮೂರು ಗಂಟೆ. ಗುಡ್ಡವಿದ್ದರೆ ಮೈ ಎಚ್ಚರವಾಗಿರುತ್ತದೆ, ತಿರುವಿದ್ದರೆ ಕಣ್ಣು. ಏನೂ ಇಲ್ಲದ ದಾರಿಯಲ್ಲಿ ನಿದ್ರೆ ಸದ್ದಿಲ್ಲದೆ ಹಿಂದಿನ ಪೀಠವನ್ನು ಏರಿಬಿಡುತ್ತದೆ. ಕೆಂಪು ದೀಪವೊಂದರ ಬಳಿ "ಒಂದು" ಎಂದೆ. ಎರಡು ಬರಲಿಲ್ಲ. ತಿರುಗಿ ನೋಡಿದರೆ ರಾಯರು ಕಾಲೂರಿ ನಿಂತಿದ್ದಾರೆ. ಕಣ್ಣು ತೆರೆದೇ ಇದೆ. ನೋಟ ಮಾತ್ರ ಎಲ್ಲಿಯೂ ಇಲ್ಲ.

ಬಸ್ಸಿನ ತಂಗುದಾಣದಲ್ಲಿ ಎಲ್ಲರನ್ನೂ ನಿಲ್ಲಿಸಿದೆ. ರಾಯರು ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಮಲಗಿದರು. ಎದ್ದು ಹೊರಟ ಮೇಲೆ ನಾನು ಅವರ ಹಿಂದೆ ಬಂದು ನೋಡಿದೆ. ಅವರ ಹಿಂಚಕ್ರ ಬಿಳಿ ಗೆರೆಯ ಆಚೆ ಈಚೆ ಹರಿದಾಡುತ್ತಿತ್ತು. ಮುಂದಿರುವುದು ಜುರೊಂಗ್, ಟುವಾಸ್‌ಗಳ ಕಾರ್ಖಾನೆಗಳ ಸೀಮೆ. ಅಲ್ಲಿ ಇರುಳಿಡೀ ಓಡಾಡುವ ಭಾರಿ ಲಾರಿಗಳು ಪಕ್ಕದಲ್ಲಿ ಹಾದರೆ, ಅವುಗಳ ಗಾಳಿ ಎಚ್ಚೆತ್ತವನನ್ನೇ ಒಂದು ಗೇಣು ಎಳೆಯುತ್ತದೆ.

ಜುರೊಂಗ್ ಸೇರಿದ ಕೂಡಲೆ, "ರಾಯರೇ, ತಾವು ಇಲ್ಲಿಗೆ ನಿಲ್ಲಿಸಬೇಕು" ಎಂದೆ.

"ಮುದುಕನೆಂದು ಇಳಿಸುತ್ತೀರೋ?" ಎಂದರು. ಧ್ವನಿಯಲ್ಲಿ ಕೋಪಕ್ಕಿಂತ ನೋವಿತ್ತು.

"ಇಪ್ಪತ್ತು ವರ್ಷದವರಾಗಿದ್ದರೆ ಇಷ್ಟು ಮರ್ಯಾದೆಯಿಂದ ಹೇಳುತ್ತಿರಲಿಲ್ಲ. ಗದರಿಸಿ ಇಳಿಸುತ್ತಿದ್ದೆ."

ಅವರು ಬಹಳ ಹೊತ್ತು ಹ್ಯಾಂಡಲ್ಲನ್ನು ಬಿಡಲಿಲ್ಲ. ಅಲ್ಲಿಯ ರೈಲಿನಲ್ಲಿ ಮಡಿಚುವ ಸೈಕಲ್ಲಿಗೆ ಮಾತ್ರ ಅವಕಾಶವಾದ್ದರಿಂದ ದೊಡ್ಡ ಟ್ಯಾಕ್ಸಿಯೊಂದನ್ನು ಕರೆಸಿದೆವು. ಅವರನ್ನು ಒಬ್ಬರನ್ನೇ ಕಳುಹಿಸುವಂತಿರಲಿಲ್ಲ. ಯಾರು ಹೋಗುವವರೆಂದು ನಾನು ಕೇಳುವ ಮೊದಲೇ, ತಂಡಕ್ಕೆಲ್ಲ ಕಿರಿಯಳಾದ ಹುಡುಗಿ ಶಿರಸ್ತ್ರಾಣವನ್ನು ಕಳಚಿ ತನ್ನ ಸೈಕಲ್ಲಿನ ಮುಂಚಕ್ರವನ್ನು ಬಿಚ್ಚತೊಡಗಿದ್ದಳು. ಆ ಸುತ್ತಿಗೆಂದು ಆಕೆ ಮೂರು ತಿಂಗಳು ಅಭ್ಯಾಸ ಮಾಡಿದ್ದಳೆಂಬುದು ನನಗೆ ತಿಳಿದಿತ್ತು.

ಉಳಿದ ಎಂಟು ಮಂದಿ ನಾಲ್ಕುನಾಲ್ಕಾಗಿ ಹೊರಟೆವು. ಟುವಾಸ್ ಬಳಿ ಪಶ್ಚಿಮದಲ್ಲಿ ಮಿಂಚು ಕಾಣಿಸಿತು. ಸುಮಾತ್ರಾ ದ್ವೀಪದ ಕಡೆಯಿಂದ ನಸುಕಿನಲ್ಲಿ ನುಗ್ಗಿ ಬರುವ ಬಿರುಗಾಳಿ ಮಳೆಯನ್ನು ಅಲ್ಲಿ 'ಸುಮಾತ್ರಾ' ಎಂದೇ ಕರೆಯುತ್ತಾರೆ. ಒಂದು ಗಂಟೆ ಸೂರಿನ ಕೆಳಗೆ ನಿಂತು, ಒದ್ದೆ ರಸ್ತೆಯಲ್ಲಿ ಪಾಸಿರ್ ಪಂಜಾಂಗ್ ಹಾದು, ಪೂರ್ವ ಕರಾವಳಿಯನ್ನು ಮುಟ್ಟಿದಾಗ ಎಂಟು ಗಂಟೆ. ಲಂಗರು ಹಾಕಿದ ಹಡಗುಗಳ ಮೇಲೆ ಬಿಸಿಲು ಬಂದಿತ್ತು.

ರಾಯರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ದಿನ ಫೋನು ಮಾಡಿ, ಜುರೊಂಗಿನಿಂದ ಮುಂದಿನ ಭಾಗವನ್ನು ಭಾನುವಾರ ಬೆಳಗ್ಗೆ ಮುಗಿಸುವುದಾಗಿಯೂ, ಹುಡುಗಿ ಒಪ್ಪಿದ್ದಾಳೆಂದೂ ತಿಳಿಸಿದರು. ಮುಂದಾಳು ಯಾರೆಂದು ಕೇಳಿದೆ. ಆಕೆಯೇ ಎಂದರು. ನಾನು ಎರಡನೆಯ ಗಾಲಿಯಾಗಿ ಹಿಂದೆ ಹೋದೆ.